ಡೆಟ್ರಾಯಿಟ್‌ನಲ್ಲಿ ತೋಟ ಮಾಡುವವರ ಕೈಯಲ್ಲಿ ನೆಲದ ಪತ್ರ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಬಗ್ಗೆ ಒಂದು ಪೂರ್ತಿ ಪುಟ ಬಂದಿತ್ತು. ಗಾಜು ಒಡೆದ ಕಿಟಕಿ, ಸುಟ್ಟ ಮನೆ, ಎದೆಮಟ್ಟ ಹುಲ್ಲು ಬೆಳೆದ ಸೈಟು. ಆ ಫೋಟೊಗಳು ಸುಳ್ಳಲ್ಲ. 1950ರಲ್ಲಿ 18 ಲಕ್ಷ ದಾಟಿದ್ದ ಜನಸಂಖ್ಯೆ 2020ರ ಗಣತಿ ಹೊತ್ತಿಗೆ 6.4 ಲಕ್ಷಕ್ಕೆ ಇಳಿದಿತ್ತು, ಅದೂ ನಿಜ. ನನಗೆ ಬೇಸರವಾದದ್ದು ಆ ಇಡೀ ಪುಟದಲ್ಲಿ ಒಂದು ಮುಖವೂ ಕಾಣಲಿಲ್ಲ ಅಂತ. ಬಿಟ್ಟು ಹೋದವರ ಬಗ್ಗೆ ಬರೆದಿದ್ದೀರಿ. ಉಳಿದುಕೊಂಡ ಆರು ಲಕ್ಷ ಜನರ ಬಗ್ಗೆ ಒಂದು ಸಾಲೂ ಇಲ್ಲ. ಅವರಲ್ಲಿ ಮುಕ್ಕಾಲು ಪಾಲು ಕಪ್ಪು ಜನ. ನೀವು ಫೋಟೊ ಹಾಕಿದಂಥ ಖಾಲಿ ಸೈಟುಗಳಲ್ಲೇ ಅವರಲ್ಲಿ ಎಷ್ಟೋ ಮಂದಿ ಸೊಪ್ಪು, ಬೆಂಡೆ, ಅಲಸಂದೆ ಬೆಳೆಯುತ್ತಿದ್ದಾರೆ. ಅದನ್ನು ಹೇಳೋಣ ಅಂತಲೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಾನು ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿರುವವಳು. ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಇಲ್ಲಿಗೆ ಹೊಸದಾಗಿ ಬರುವ ನಮ್ಮವರಿಗೆ ಮೊದಲ ವಾರದಲ್ಲೇ ಯಾರಾದರೂ ಒಂದು ಬುದ್ಧಿಮಾತು ಹೇಳುತ್ತಾರೆ: "ಏಯ್ಟ್ ಮೈಲ್ ರೋಡ್ ದಾಟಿ ಆಚೆ ಹೋಗ್ಬೇಡಿ." ಆ ರಸ್ತೆ ಡೆಟ್ರಾಯಿಟ್‌ನ ಉತ್ತರದ ಗಡಿ. ಹೇಳುವವರಲ್ಲಿ ಹೆಚ್ಚಿನವರು ತಾವೇ ಆಚೆ ಹೋಗಿ ನೋಡಿದವರಲ್ಲ. ನಿಮ್ಮ ಪುಟ ಓದಿದ ಮೇಲೆ ಆ ಮಾತಿಗೆ ಇನ್ನಷ್ಟು ಬಲ ಬಂದಂತಾಯಿತು.

ಬೇಸಿಗೆಯ ಶನಿವಾರಗಳಲ್ಲಿ ನಾನು ನಗರದ ಪಶ್ಚಿಮ ಭಾಗದ ಒಂದು ಚರ್ಚಿನ ತೋಟಕ್ಕೆ ಹೋಗುತ್ತೇನೆ. ಚರ್ಚಿನ ಪಕ್ಕ ಒಂದು ಕಾಲದಲ್ಲಿ ಮನೆಗಳಿದ್ದ ಖಾಲಿ ಸೈಟುಗಳಿವೆ. ತೋಟದ ಯಜಮಾನಿಕೆ ಎಂಬತ್ತು ದಾಟಿದ ಒಬ್ಬ ಹೆಂಗಸಿನದು. ಇಲ್ಲಿನ ಕಪ್ಪು ಸಮುದಾಯದ ಚರ್ಚುಗಳಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಮದರ್ ಅಂತ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಅವರು ನನ್ನನ್ನು ಬೇಬಿ ಅನ್ನುತ್ತಾರೆ, ನನ್ನ ತಲೆಯೂ ಬೆಳ್ಳಗಾಗಿದೆ ಅನ್ನೋದು ಅವರಿಗೆ ಲೆಕ್ಕಕ್ಕಿಲ್ಲ. ಅಲಬಾಮಾದಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ರೈಲಿನಲ್ಲಿ ಇಲ್ಲಿಗೆ ಬಂದರು. ಅಪ್ಪ ಕಾರ್ ಕಾರ್ಖಾನೆಯ ಎರಕದ ಮನೆಯಲ್ಲಿ ದುಡಿದರು. 1910ರಿಂದ 1970ರ ನಡುವೆ ಹೀಗೆ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಉತ್ತರಕ್ಕೂ ಪಶ್ಚಿಮಕ್ಕೂ ಹೋದ ಕಪ್ಪು ಜನ ಸುಮಾರು 60 ಲಕ್ಷ.

ಇಲ್ಲಿ ಸುಮ್ನೆ ನೆಲ ಅಗೆದು ಬೀಜ ಹಾಕುವ ಹಾಗಿಲ್ಲ. ಮನೆ ಕೆಡವಿದಾಗ ಇಟ್ಟಿಗೆ, ಗಾಜು, ಮೊಳೆ ಎಲ್ಲ ನೆಲಮಾಳಿಗೆಯ ಗುಂಡಿಗೇ ಬಿದ್ದಿರುತ್ತವೆ. ಅದಕ್ಕಿಂತ ದೊಡ್ಡ ಭಯ ಸೀಸದ್ದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹಾಕುವುದನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಅಲ್ಲಿಯವರೆಗೆ ಬಳಿದದ್ದೆಲ್ಲ ಉದುರಿ ಗೋಡೆ ಬುಡದ ಮಣ್ಣಿಗೆ ಸೇರಿದೆ. ಪೆಟ್ರೋಲಿನ ಸೀಸ ದೊಡ್ಡ ರಸ್ತೆಗಳ ಅಂಚಿನ ಮಣ್ಣಿನಲ್ಲಿ ಕೂತಿದೆ. ಸೀಸ ಕರಗಿ ಹೋಗುವ ವಸ್ತುವಲ್ಲ, ಮಕ್ಕಳ ಮಿದುಳಿಗೆ ಅದು ವಿಷ. ಹಾಗಾಗಿ ಮೊದಲು ಮಣ್ಣಿನ ಪರೀಕ್ಷೆ. ಮನೆಗಳಿರುವ ಜಾಗದ ಮಣ್ಣಿನಲ್ಲಿ ಸೀಸ 400 ಪಿಪಿಎಂ (ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 400 ಪಾಲು) ದಾಟಿದರೆ ಎಚ್ಚರ ಅಂತ ಇಲ್ಲಿನ ಕೇಂದ್ರ ಪರಿಸರ ಇಲಾಖೆ ತುಂಬಾ ವರ್ಷ ಹೇಳುತ್ತಿತ್ತು. 2024ರಲ್ಲಿ ಆ ಮಿತಿಯನ್ನು 200ಕ್ಕೆ ಇಳಿಸಿತು. ಕೀಪ್ ಗ್ರೋಯಿಂಗ್ ಡೆಟ್ರಾಯಿಟ್ ಎಂಬ ಸಂಸ್ಥೆ ತನ್ನಲ್ಲಿ ಹೆಸರು ಬರೆಸಿಕೊಂಡ ತೋಟಗಳಿಗೆ ಬೀಜ ಮತ್ತು ಸಸಿ ಕೊಡುತ್ತದೆ, ಮಣ್ಣಿನ ಪರೀಕ್ಷೆಗೂ ನೆರವಾಗುತ್ತದೆ.

ನಮ್ಮ ತೋಟದಲ್ಲಿ ರಸ್ತೆ ಕಡೆಯ ಮಣ್ಣು ಚೆನ್ನಾಗಿಲ್ಲ. ಅಲ್ಲಿ ಹೂವಿನ ಗಿಡ ಮಾತ್ರ. ತಿನ್ನುವ ಬೆಳೆಗೆ ಹಲಗೆಯ ಚೌಕಟ್ಟು ಕಟ್ಟಿ, ಅಡಿಯಲ್ಲಿ ರಟ್ಟು ಹಾಸಿ, ಹೊರಗಿನಿಂದ ತಂದ ಮಣ್ಣು ಮತ್ತು ಕಾಂಪೋಸ್ಟ್ ತುಂಬಿ ಏರುಮಡಿ ಮಾಡಿದ್ದೇವೆ. ಕಾಂಪೋಸ್ಟ್ ಜಾಸ್ತಿ ಇದ್ದರೆ ಸೀಸ ಅದಕ್ಕೆ ಅಂಟಿಕೊಂಡು ಗಿಡಕ್ಕೆ ಏರುವುದು ಕಡಿಮೆ. ಆದರೂ ದೊಡ್ಡ ಅಪಾಯ ಗಿಡದ ಒಳಗಿನ ಸೀಸಕ್ಕಿಂತ ಎಲೆಗೆ, ಕೈಗೆ, ಚಪ್ಪಲಿಗೆ ಮೆತ್ತಿದ ಮಣ್ಣಿನದು. ಅದಕ್ಕೇ ಮದರ್ ಯಾರನ್ನೂ ಕೈ ತೊಳೆಯದೆ ಮನೆಗೆ ಕಳಿಸುವುದಿಲ್ಲ. ಲ್ಯಾಬ್‌ನಲ್ಲಿ ಇಷ್ಟು ಕಟ್ಟುನಿಟ್ಟಿನ ಮೇಲ್ವಿಚಾರಕರನ್ನು ನಾನು ಕಂಡಿಲ್ಲ.

ಕೊಲಾರ್ಡ್ ಸೊಪ್ಪು ಕೀಳುವ ರೀತಿಯನ್ನು ಅವರಿಂದಲೇ ಕಲಿತೆ. ಅದು ಎಲೆಕೋಸಿನ ಜಾತಿ, ಆದರೆ ಉಂಡೆ ಕಟ್ಟುವುದಿಲ್ಲ. ಅಗಲ ಎಲೆ, ನೀಲಿ ಮಿಶ್ರಿತ ಹಸಿರು, ಮೇಲೆ ಬೂದಿ ಹಚ್ಚಿದ ಹಾಗೆ ಒಂದು ಪೊರೆ. ಕೆಳಗಿನ ಎಲೆಯಿಂದ ಶುರುಮಾಡಬೇಕು, ತೊಟ್ಟನ್ನು ಕಾಂಡದ ಕಡೆಗೆ ಒತ್ತಿ ಕೆಳಕ್ಕೆ ಎಳೆದರೆ ಟಪ್ ಅಂತ ಬರುತ್ತದೆ. ನೆತ್ತಿಯ ಎಲೆಗಳನ್ನು ಮುಟ್ಟುವಂತಿಲ್ಲ. ಮುಟ್ಟದಿದ್ದರೆ ಒಂದೇ ಗಿಡ ಜುಲೈನಿಂದ ಹಿಮ ಬೀಳುವವರೆಗೂ ಕೊಡುತ್ತಲೇ ಇರುತ್ತದೆ. ಎಲೆ ಮಗುಚಿ ನೋಡಿ ಚಿಟ್ಟೆಯ ಹಳದಿ ಮೊಟ್ಟೆ ಇದ್ದರೆ ಹೆಬ್ಬೆರಳಲ್ಲಿ ಒರೆಸಿಬಿಡಬೇಕು. ಮೊದಲ ಇಬ್ಬನಿ ಗಟ್ಟಿಯಾಗುವ ತನಕ ಕಾದರೆ ಸೊಪ್ಪು ಸಿಹಿಯಾಗುತ್ತದೆ, ಚಳಿಗೆ ಗಿಡ ತನ್ನೊಳಗೆ ಸಕ್ಕರೆ ಕೂಡಿಹಾಕಿಕೊಳ್ಳುತ್ತದೆ. ಮನೆಗೆ ತಂದ ಮೇಲೆ ಮೂರು ನೀರಲ್ಲಿ ತೊಳೆಯಬೇಕು, ಮೂರನೇ ನೀರಿನ ತಳದಲ್ಲಿ ಮರಳಿನ ಕಣವೂ ಕಾಣಬಾರದು. ಬೆಂಡೆಯೂ ಅಲಸಂದೆಯೂ ಆಫ್ರಿಕದಿಂದ ಗುಲಾಮರ ಹಡಗುಗಳ ಕಾಲದಲ್ಲೇ ಅಮೆರಿಕಕ್ಕೆ ಬಂದ ಬೆಳೆಗಳು. ನಮ್ಮ ಮನೆಗಳಲ್ಲಿ ದಿನಾ ಬೇಯುವ ಅದೇ ಬೆಂಡೆ, ಅದೇ ಅಲಸಂದೆ. ಮದರ್ ಅಲಸಂದೆ ಬೀಜವನ್ನು ಗಾಜಿನ ಬಾಟಲಿಯಲ್ಲಿ ಎತ್ತಿಟ್ಟು ವರ್ಷ ವರ್ಷ ಬಿತ್ತುತ್ತಾರೆ, ಅಂಗಡಿಯಿಂದ ತರುವುದಿಲ್ಲ.

ಇದೆಲ್ಲ ಈಚೆಗೆ ಶುರುವಾದ ಫ್ಯಾಶನ್ ಅಂತ ಕೆಲವರು ಬರೆಯುತ್ತಾರೆ. ತಪ್ಪು. ಡೆಟ್ರಾಯಿಟ್‌ನ ಮೊದಲ ಕಪ್ಪು ಮೇಯರ್ ಕೋಲ್ಮನ್ ಯಂಗ್ 1975ರಲ್ಲೇ ಫಾರ್ಮ್-ಎ-ಲಾಟ್ ಎಂಬ ಯೋಜನೆ ತಂದಿದ್ದರು. ಖಾಲಿ ಸೈಟಿನಲ್ಲಿ ಬೆಳೆಯುತ್ತೇನೆ ಅಂದವರಿಗೆ ನಗರಸಭೆಯೇ ಬೀಜ ಕೊಟ್ಟು, ಉಳುಮೆಗೆ ನೆರವಾಗುತ್ತಿತ್ತು. ಆಮೇಲೆ ದಕ್ಷಿಣದಿಂದ ಬಂದ ಹಿರಿಯರು ಗಾರ್ಡನಿಂಗ್ ಏಂಜೆಲ್ಸ್ ಅಂತ ಸೇರಿಕೊಂಡು ಮಕ್ಕಳಿಗೆ ಬೇಸಾಯ ಕಲಿಸಿದರು. 2006ರಲ್ಲಿ ಶಾಲಾ ಪ್ರಾಂಶುಪಾಲರಾಗಿದ್ದ ಮಲಿಕ್ ಯಾಕಿನಿ ಮತ್ತು ಗೆಳೆಯರು ಕಪ್ಪು ಸಮುದಾಯದ ಆಹಾರಕ್ಕಾಗಿ ಒಂದು ಸಂಘಟನೆ ಕಟ್ಟಿದರು. ರೂಜ್ ಪಾರ್ಕ್‌ನಲ್ಲಿ ಅವರ ಡಿ-ಟೌನ್ ಫಾರ್ಮ್ ಈಗ ಏಳು ಎಕರೆ. ಅವರೇ ಮುಂದೆ ನಿಂತು ಕಟ್ಟಿದ ಡೆಟ್ರಾಯಿಟ್ ಪೀಪಲ್ಸ್ ಫುಡ್ ಕೋ-ಆಪ್ ಎಂಬ ಸಹಕಾರಿ ಅಂಗಡಿ 2024ರಲ್ಲಿ ಬಾಗಿಲು ತೆರೆಯಿತು. ಷೇರು ಕೊಂಡ ಸದಸ್ಯರೇ ಅದರ ಮಾಲೀಕರು.

ತೋಟದಿಂದ ಸಿಗುವುದು ಸೊಪ್ಪೊಂದೇ ಅಂತಲೂ ಅಂದುಕೊಳ್ಳಬೇಡಿ. ಡೆಟ್ರಾಯಿಟ್‌ನ ಬಹುಭಾಗದಲ್ಲಿ ಮಳೆನೀರು, ಶೌಚದ ನೀರು ಎರಡೂ ಒಂದೇ ಪೈಪಿನಲ್ಲಿ ಹೋಗುತ್ತವೆ. ಜೋರು ಮಳೆ ಬಂದರೆ ಪೈಪು ತುಂಬಿ ಕೊಳಕು ನೀರು ನದಿಗೂ ಮನೆಗಳ ನೆಲಮಾಳಿಗೆಗೂ ನುಗ್ಗುತ್ತದೆ. 2021ರ ಜೂನ್ ಮಳೆಯಲ್ಲಿ ಸಾವಿರಾರು ಮನೆಗಳಿಗೆ ಹೀಗಾಯಿತು. ಕಾಂಪೋಸ್ಟ್ ತುಂಬಿದ ಸಡಿಲ ಮಣ್ಣು ನೀರು ಕುಡಿಯುತ್ತದೆ, ಕೆಡವಿದ ಮನೆಯ ಗಟ್ಟಿ ನೆಲ ಕುಡಿಯುವುದಿಲ್ಲ. ಇನ್ನು ಅಪರಾಧದ ವಿಷಯ, ನಿಮ್ಮ ಪುಟದಲ್ಲಿ ಅರ್ಧ ಜಾಗ ತಿಂದ ವಿಷಯ. ಫಿಲಡೆಲ್ಫಿಯಾದಲ್ಲಿ 541 ಖಾಲಿ ಸೈಟುಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವನ್ನು ಸ್ವಚ್ಛ ಮಾಡಿ ಹುಲ್ಲು, ಮರ ನೆಟ್ಟು, ಕೆಲವನ್ನು ಹಾಗೇ ಬಿಟ್ಟು ನೋಡಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಡವರ ಬಡಾವಣೆಗಳಲ್ಲಿ ಹಸಿರು ಮಾಡಿದ ಸೈಟುಗಳ ಸುತ್ತ ಗುಂಡಿನ ಹಿಂಸೆ ಶೇ 29ರಷ್ಟು ಇಳಿದಿತ್ತು. ಪೊಲೀಸ್ ವ್ಯಾನಿನ ಫೋಟೊ ಪಕ್ಕದಲ್ಲಿ ಈ ಅಂಕಿಯೂ ಇರಬೇಕಿತ್ತು, ಅಲ್ವಾ?

ಈಗ ನನಗೆ ನಿಜವಾಗಿ ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಮಾಡುವವರಲ್ಲಿ ಬಹಳ ಜನರ ಕೈಯಲ್ಲಿ ಆ ನೆಲದ ಪತ್ರ ಇಲ್ಲ.

ನಮ್ಮದು ಸಾಗರ ಕಡೆಯ ಗೇಣಿದಾರರ ಮನೆ. 1974ರ ಭೂಸುಧಾರಣೆಯಲ್ಲಿ ನನ್ನ ಅಜ್ಜ ಏಳನೇ ನಂಬರ್ ಫಾರಂ ತುಂಬಿ, ಭೂ ನ್ಯಾಯಮಂಡಳಿ ಮುಂದೆ ನಿಂತು, ತಾವು ಉಳುತ್ತಿದ್ದ ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. "ಉಳುವವನೇ ಹೊಲದೊಡೆಯ" ಅನ್ನುವುದು ನಮ್ಮ ಮನೆಯಲ್ಲಿ ಬರೀ ಘೋಷಣೆಯಾಗಿರಲಿಲ್ಲ. ಆ ಗದ್ದೆ ಇದ್ದದ್ದರಿಂದ ನಾನು ಕಾಲೇಜಿಗೆ ಹೋದೆ. ಹಾಗಾಗಿ ಇಲ್ಲಿನ ಕಥೆ ಕೇಳುವಾಗ ನನಗೆ ಸುಮ್ಮನಿರಲು ಆಗುವುದಿಲ್ಲ.

ಗುಲಾಮಗಿರಿ ಮುಗಿದ ಮೇಲೆ ಕಪ್ಪು ಜನ ಕೂಡಿಟ್ಟ ದುಡ್ಡಿನಲ್ಲಿ ನೆಲ ಕೊಂಡರು. 1920ರಲ್ಲಿ ದೇಶದಲ್ಲಿ ಕಪ್ಪು ರೈತರು ನಡೆಸುತ್ತಿದ್ದ ಫಾರ್ಮ್‌ಗಳು 9 ಲಕ್ಷಕ್ಕೂ ಹೆಚ್ಚು. ದೇಶದ ಒಟ್ಟು ಫಾರ್ಮ್‌ಗಳಲ್ಲಿ ಏಳರಲ್ಲಿ ಒಂದು. ಎಲ್ಲರೂ ಮಾಲೀಕರಾಗಿರಲಿಲ್ಲ, ಪಾಲಿಗೆ ಮಾಡುವವರೇ ಜಾಸ್ತಿ, ಆದರೂ ಒಂದೂವರೆ ಕೋಟಿ ಎಕರೆಗೂ ಹೆಚ್ಚು ಅವರ ಹೆಸರಲ್ಲಿತ್ತು. ಇವತ್ತು ಅಮೆರಿಕದ ರೈತರಲ್ಲಿ ಕಪ್ಪು ಜನ ನೂರಕ್ಕೆ ಒಬ್ಬರೋ ಇಬ್ಬರೋ. ಹೋದದ್ದು ಹೇಗೆ? ಬೆದರಿಸಿ ಓಡಿಸಿದ್ದು ಉಂಟು. ಬಿತ್ತನೆ ಹೊತ್ತಿಗೆ ಸರ್ಕಾರಿ ಸಾಲ ಕೊಡದೆ ಸತಾಯಿಸಿದ್ದು ಉಂಟು. 1999ರಲ್ಲಿ ಇತ್ಯರ್ಥವಾದ ಪಿಗ್‌ಫರ್ಡ್ ಮೊಕದ್ದಮೆ ಇದೇ ತಾರತಮ್ಯದ್ದು, ಕೃಷಿ ಇಲಾಖೆ ಸುಮಾರು 100 ಕೋಟಿ ಡಾಲರ್ ಕಟ್ಟಿಕೊಡಬೇಕಾಯಿತು. ಮೂರನೆಯದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜ ಉಯಿಲು ಬರೆಯದೆ ತೀರಿಕೊಂಡ. ಪೌತಿ ಖಾತೆ ಆಗಲಿಲ್ಲ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರಿಗೂ ಕಾಗದದಲ್ಲಿಲ್ಲದ ಒಂದೊಂದು ಚೂರು ಪಾಲು. ಯಾವುದೋ ಊರಿನಲ್ಲಿರುವ ಒಬ್ಬ ದಾಯಾದಿಯ ಪಾಲನ್ನು ಹೊರಗಿನವನು ಅಗ್ಗಕ್ಕೆ ಕೊಂಡು, ಕೋರ್ಟಿಗೆ ಹೋಗಿ, ಇಡೀ ಜಮೀನನ್ನೇ ಹರಾಜು ಹಾಕಿಸುತ್ತಿದ್ದ. ಮದರ್ ಅವರ ಅಪ್ಪನ ಕಡೆಯ ಜಮೀನು ಹೋದದ್ದು ಹೀಗೆ.

ಇದಕ್ಕೆ ಎದುರಾಗಿ ಕಟ್ಟಿದ ಎರಡು ಪ್ರಯತ್ನಗಳನ್ನು ನಮ್ಮ ಓದುಗರು ತಿಳಿಯಬೇಕು. ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ಹದಿನೆಂಟು ವರ್ಷ ದುಡಿದ ತೋಟದಿಂದ 1962ರಲ್ಲಿ ಹೊರದಬ್ಬಿಸಿಕೊಂಡರು. ತಪ್ಪೇನು? ಮತದಾರರ ಪಟ್ಟಿಗೆ ಹೆಸರು ಹಚ್ಚಲು ಹೋಗಿದ್ದು. ಅನ್ನ ಕೊಡುವವನ ಕೈಯಲ್ಲೇ ಮನೆಯೂ ಇದ್ದರೆ ವೋಟು ಇದ್ದೂ ಇಲ್ಲದ ಹಾಗೆ ಅಂತ ಅವರು ಕಂಡುಕೊಂಡರು. 1969ರಲ್ಲಿ ಫ್ರೀಡಂ ಫಾರ್ಮ್ ಸಹಕಾರ ಸಂಘ ಶುರುಮಾಡಿದರು. ಮೊದಲಿಗೆ 40 ಎಕರೆ, ಆಮೇಲೆ 600 ದಾಟಿತು. ಅಲ್ಲಿ ಹಂದಿ ಬ್ಯಾಂಕ್ ಇತ್ತು: ಬಸುರಿ ಹಂದಿಯನ್ನು ಒಂದು ಮನೆಗೆ ಕೊಡುವುದು, ಮರಿ ಆ ಮನೆಯವರಿಗೆ, ತಾಯಿಹಂದಿ ಮತ್ತೆ ಬ್ಯಾಂಕಿಗೆ. ಚಳಿಗಾಲಕ್ಕೆ ಸೊಪ್ಪು ಡಬ್ಬಿಗೆ ತುಂಬಿಟ್ಟುಕೊಂಡ ಮನೆಯವರನ್ನು ಯಾರೂ ಹೆದರಿಸಲಾರರು ಅಂತ ಹೇಮರ್ ಹೇಳುತ್ತಿದ್ದರು. ಸಾಲದ ಹೊರೆಯಲ್ಲಿ ಅದು 1976ರಲ್ಲಿ ಮುಚ್ಚಿತು.

ಇನ್ನೊಂದು ಜಾರ್ಜಿಯದ ನ್ಯೂ ಕಮ್ಯುನಿಟೀಸ್. ಚಾರ್ಲ್ಸ್ ಮತ್ತು ಶರ್ಲಿ ಶೆರಾಡ್ ದಂಪತಿ ಹಾಗೂ ಜೊತೆಗಾರರು 1969ರಲ್ಲಿ ಕಟ್ಟಿದ್ದು, 5,000 ಎಕರೆಗೂ ಹೆಚ್ಚು. ನೆಲ ಯಾರೊಬ್ಬರ ಸ್ವತ್ತೂ ಅಲ್ಲ, ಒಂದು ಟ್ರಸ್ಟಿನದು. ಬೇಸಾಯ ಮಾಡುವವರಿಗೆ ದೀರ್ಘ ಗುತ್ತಿಗೆ. ಯಾವ ದಾಯಾದಿಯೂ ತನ್ನ ಪಾಲು ಅಂತ ಮಾರುವಂತಿಲ್ಲ, ಹರಾಜಿಗೆ ಎಳೆಯುವಂತಿಲ್ಲ. ಈ ಸಮುದಾಯ ಭೂ ಟ್ರಸ್ಟ್ ಎಂಬ ಕಲ್ಪನೆಗೆ ರೂಪ ಕೊಟ್ಟ ರಾಬರ್ಟ್ ಸ್ವಾನ್‌ಗೆ ಪ್ರೇರಣೆಯಾದದ್ದರಲ್ಲಿ ನಮ್ಮ ವಿನೋಬಾ ಭಾವೆಯವರ ಗ್ರಾಮದಾನವೂ (ಊರಿನ ನೆಲವನ್ನು ಇಡೀ ಊರಿನದಾಗಿ ಮಾಡುವುದು) ಒಂದು. ಇದನ್ನು ಮೊದಲ ಸಲ ಓದಿದ ದಿನ ಮದರ್‌ಗೆ ಫೋನ್ ಮಾಡಿ ಹೇಳಿದೆ. ಅವರು ವಿನೋಬಾ ಹೆಸರನ್ನು ಎರಡು ಸಲ ಹೇಳಿಸಿಕೊಂಡು ಬರೆದಿಟ್ಟುಕೊಂಡರು. ಬರಗಾಲದಲ್ಲಿ ಸರ್ಕಾರಿ ತುರ್ತು ಸಾಲ ಸಿಗದೆ ನ್ಯೂ ಕಮ್ಯುನಿಟೀಸ್‌ನ ಆ ಜಮೀನು 1985ರಲ್ಲಿ ಕೈಬಿಟ್ಟಿತು. 2009ರಲ್ಲಿ ಪಿಗ್‌ಫರ್ಡ್ ಪ್ರಕರಣದಡಿ ಆ ಸಂಸ್ಥೆಯವರಿಗೆ 1.2 ಕೋಟಿ ಡಾಲರ್ ಪರಿಹಾರ ಬಂತು. ಅದರಲ್ಲಿ ಅವರು 2011ರಲ್ಲಿ ಒಬ್ಬ ಗುಲಾಮರ ಒಡೆಯನದಾಗಿದ್ದ 1,600 ಎಕರೆಯ ಎಸ್ಟೇಟನ್ನೇ ಕೊಂಡರು.

ನಗರಗಳಲ್ಲೂ ಇದೇ ಪಾಡು. 1999ರಲ್ಲಿ ನ್ಯೂಯಾರ್ಕ್ ನಗರ 114 ಸಮುದಾಯ ತೋಟಗಳನ್ನು ಹರಾಜಿಗಿಟ್ಟಿತ್ತು. ಅವುಗಳಲ್ಲಿ ಎಷ್ಟೋ ತೋಟಗಳು ಕಪ್ಪು ಮತ್ತು ಲ್ಯಾಟಿನೊ ಜನ ಕಸದ ಗುಡ್ಡೆ ಎತ್ತಿ ಮಾಡಿದವು. ಜನ ಬೀದಿಗಿಳಿದ ಮೇಲೆ ಎರಡು ಸಂಸ್ಥೆಗಳು ಹಣ ಹೊಂದಿಸಿ ಅವನ್ನು ಕೊಂಡು ಉಳಿಸಿದವು. ಡೆಟ್ರಾಯಿಟ್‌ನಲ್ಲಿ 2012ರಲ್ಲಿ ನಗರಸಭೆ ಸುಮಾರು 1,500 ಸೈಟುಗಳನ್ನು ಮರ ನೆಡಲೆಂದು ಒಬ್ಬ ಉದ್ಯಮಿಗೆ ಒಟ್ಟಿಗೇ ಮಾರಲು ಒಪ್ಪಿತು, 5–4 ಮತಗಳಲ್ಲಿ. ಮರ ನೆಟ್ಟದ್ದು ಒಳ್ಳೆಯದೇ. ಆದರೆ ಒಂದೊಂದು ಸೈಟು ನೋಡಿಕೊಂಡು ಬಂದವರು ಅದನ್ನು ತಮ್ಮ ಹೆಸರಿಗೆ ಕೇಳಿದರೆ ಅಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ. ಪಕ್ಕದ ಖಾಲಿ ಸೈಟನ್ನು 100 ಡಾಲರಿಗೆ ಕೊಳ್ಳುವ ಅವಕಾಶ ಈಗ ಇದೆ, ಆದರೆ ಅದು ಒತ್ತಿನಲ್ಲೇ ಸ್ವಂತ ಮನೆ ಇದ್ದವರಿಗೆ. ಬಾಡಿಗೆ ಮನೆಯವರು? ಎರಡು ಬೀದಿ ಆಚೆ ಇರುವವರು? ಮನೆ ಉಳಿಸಿಕೊಳ್ಳುವುದೇ ಕಷ್ಟವಾದ ಊರು ಇದು. 2010ರಿಂದ 2016ರವರೆಗೆ ಡೆಟ್ರಾಯಿಟ್‌ನ ಮನೆಗಳಿಗೆ ಕನಿಷ್ಠ 60 ಕೋಟಿ ಡಾಲರ್ ತೆರಿಗೆ ಹೆಚ್ಚಾಗಿ ಹಾಕಲಾಗಿತ್ತು ಅಂತ ಇಲ್ಲಿನ ಡೆಟ್ರಾಯಿಟ್ ನ್ಯೂಸ್ ಪತ್ರಿಕೆ ಲೆಕ್ಕ ತೆಗೆಯಿತು. ಅದನ್ನು ಕಟ್ಟಲಾಗದೆ ಮನೆ ಕಳೆದುಕೊಂಡವರು ಎಷ್ಟೋ ಜನ.

ನಮ್ಮ ತೋಟದ ಎದುರು ಬೀದಿಯ ಮೂಲೆಯಲ್ಲಿ ಇನ್ನೊಂದು ತೋಟ ಇತ್ತು. ಬಸ್ ಓಡಿಸಿ ನಿವೃತ್ತರಾದ ಒಬ್ಬರು ಅದನ್ನು ನೋಡಿಕೊಳ್ಳುತ್ತಿದ್ದರು. ಅವರು ಅಕ್ಟೋಬರಿನಲ್ಲಿ ಬೆಳ್ಳುಳ್ಳಿ ನೆಡುತ್ತಿದ್ದರು. ಇಲ್ಲಿ ಬೆಳ್ಳುಳ್ಳಿ ಹಿಮದಡಿಯಲ್ಲಿ ಮಲಗಿ, ಮುಂದಿನ ಜುಲೈಗೆ ಕೀಳುವ ಬೆಳೆ. ಒಂದು ವಸಂತದಲ್ಲಿ, ಸಸಿ ಒಂದು ಗೇಣು ಎದ್ದಿದ್ದಾಗ, ಸೈಟಿನ ನಾಲ್ಕು ಮೂಲೆಗೂ ಗೂಟ ಬಿದ್ದಿತ್ತು. ಬೇರೆ ರಾಜ್ಯದ ಯಾರೋ ಕೊಂಡಿದ್ದರು. ಹೇಳುವವರಿಲ್ಲ, ಕೇಳುವವರಿಲ್ಲ. ಆ ವಾರವೇ ಬುಲ್ಡೋಜರ್ ಬಂತು. ಇವತ್ತಿಗೂ ಅಲ್ಲಿ ಏನೂ ಕಟ್ಟಿಲ್ಲ, ಬೇಲಿ ಮಾತ್ರ ಇದೆ. ಆ ಯಜಮಾನರು ಈಗ ನಮ್ಮ ತೋಟಕ್ಕೇ ಬರುತ್ತಾರೆ, ಬೆಳ್ಳುಳ್ಳಿ ಮಾತ್ರ ನೆಡುವುದಿಲ್ಲ. ಮುಂದಿನ ಜುಲೈ ತನಕ ಈ ನೆಲ ನಮ್ಮದಾಗಿರುತ್ತೆ ಅಂತ ಯಾರಾದರೂ ಬರೆದುಕೊಟ್ಟರೆ ನೆಡುತ್ತೇನೆ ಅನ್ನುತ್ತಾರೆ.

ಇದಕ್ಕೇ 2020ರ ಜೂನ್ 19ರಂದು ಇಲ್ಲಿನ ಮೂರು ಸಂಘಟನೆಗಳು ಸೇರಿ ಡೆಟ್ರಾಯಿಟ್ ಬ್ಲ್ಯಾಕ್ ಫಾರ್ಮರ್ ಲ್ಯಾಂಡ್ ಫಂಡ್ ಎಂಬ ನಿಧಿ ತೆರೆದವು. ಗುಲಾಮಗಿರಿ ಮುಗಿದದ್ದನ್ನು ನೆನೆಯುವ ದಿನ ಅದು. ನಗರದ ಕಪ್ಪು ರೈತರು ತಾವು ಬೆಳೆಯುವ ನೆಲವನ್ನು ಕೊಂಡು ತಮ್ಮ ಹೆಸರಿಗೆ ಮಾಡಿಕೊಳ್ಳಲು ಈ ನಿಧಿ ಸಹಾಯ ಮಾಡುತ್ತದೆ. ನನ್ನ ಪ್ರಕಾರ ಡೆಟ್ರಾಯಿಟ್ ಬಗ್ಗೆ ಬರೆಯಬೇಕಾದ ದೊಡ್ಡ ಸುದ್ದಿ ಇದು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಈ ಊರಿನ ಬಗ್ಗೆ ಪುಟ ಮಾಡುವಾಗ ಇಲ್ಲಿನ ಜನರನ್ನು ಮಾತಾಡಿಸಿ. ಕಾಗೋಡು ಸತ್ಯಾಗ್ರಹದ ಬಗ್ಗೆ ವಿಶೇಷ ಸಂಚಿಕೆ ತರುವ ಪತ್ರಿಕೆಗೆ ಈ ಜನರ ನೆಲದ ಕಥೆ ಅರ್ಥವಾಗದೆ ಇರುವುದಿಲ್ಲ.

ಡೆಟ್ರಾಯಿಟ್ ಸುತ್ತ ಇರುವ ಕನ್ನಡಿಗರಿಗೂ ಒಂದು ಮಾತು. ನೀವು ಮುಖ್ಯವಾಗಿ ಕೊಡಬಹುದಾದದ್ದು ಒಣ ಎಲೆ. ಅಕ್ಟೋಬರ್, ನವೆಂಬರಿನಲ್ಲಿ ಮೂಟೆಗಟ್ಟಲೆ ಗುಡಿಸಿ ರಸ್ತೆ ಬದಿಗೆ ಇಡುತ್ತೀರಲ್ಲ, ಅದನ್ನೇ ಕಾರಿನಲ್ಲಿ ಹಾಕಿಕೊಂಡು ಏಯ್ಟ್ ಮೈಲ್ ದಾಟಿ ಬನ್ನಿ. ಯಾವ ತೋಟಕ್ಕೆ ಬೇಕು ಅಂತ ಮೊದಲು ಫೋನ್ ಮಾಡಿ ಕೇಳಿ. ಕಾಗದದ ಚೀಲದಲ್ಲೇ ತನ್ನಿ, ಪ್ಲಾಸ್ಟಿಕ್ ಬೇಡ. ಲಾನ್‌ಗೆ ಕಳೆನಾಶಕ ಹೊಡೆಸಿದ್ದರೆ ಆ ಹುಲ್ಲು ಸೇರಿಸಬೇಡಿ, ಕೆಲವು ಔಷಧಿ ಕಾಂಪೋಸ್ಟಿನಲ್ಲೂ ಉಳಿದು ಟೊಮೆಟೊ, ಬೀನ್ಸ್ ಎಲೆಗಳನ್ನು ಸುರುಟಿಸುತ್ತದೆ. ಬ್ಲ್ಯಾಕ್ ವಾಲ್‌ನಟ್ ಮರದ ಎಲೆಯೂ ಟೊಮೆಟೊಗೆ ಆಗುವುದಿಲ್ಲ. ಮೇಪಲ್ ಎಲೆ ಎಷ್ಟಿದ್ದರೂ ಸಾಲದು. ತರಕಾರಿ ಬೇಕಾದರೆ ಶನಿವಾರ ಈಸ್ಟರ್ನ್ ಮಾರ್ಕೆಟ್‌ನಲ್ಲಿ ನಗರದ ಬೆಳೆಗಾರರ ಮಳಿಗೆ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ.

ವಂದನೆಗಳೊಂದಿಗೆ,
ನಿಮ್ಮ ಓದುಗರಲ್ಲಿ ಒಬ್ಬಳು
ಫಾರ್ಮಿಂಗ್ಟನ್ ಹಿಲ್ಸ್, ಮಿಷಿಗನ್